ಯಾರೂ ನೆಡದ ಕಣಗಿಲೆ

ವಿನೋಬನಗರ, ಶಿವಮೊಗ್ಗ
ಆಷಾಢ, ಮಂಗಳವಾರ

ಪ್ರೀತಿಯ ಪುಟ್ಟೀ,

ನೀನು ಕಳಿಸಿದ ಫೋಟೋದಲ್ಲಿರುವುದು ಕಣಗಿಲೆಯೇ, ಅನುಮಾನ ಬೇಡ. ಗೆಣ್ಣಿಗೆ ಮೂರು ಎಲೆ, ತೆಳ್ಳಗೆ ಉದ್ದಕ್ಕೆ, ನಡುನರ ಬೆಳ್ಳಗೆ ಎದ್ದು ಕಾಣುತ್ತೆ. ಹೂವು ಗುಲಾಬಿ, ಐದೇ ಎಸಳು. ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿ, ‘ಇದನ್ನ ನೋಡೋಕೆ ಫ್ರಾನ್ಸಿಗೆ ಹೋಗಬೇಕಿತ್ತಾ? ಹಿಂದಿನ ಬೀದಿ ದೇವಸ್ಥಾನದ ಕಾಂಪೌಂಡಲ್ಲಿ ಬೇಕಾದಷ್ಟಿದೆ’ ಅಂದರು. ಅವರ ಮಾತು ಬಿಡು. ನಿನ್ನ ಪ್ರಶ್ನೆ ಅದು ಯಾವ ಗಿಡ ಅಂತ ಅಲ್ಲವಲ್ಲ. ಬಸ್ಸಿಳಿದು ಅಷ್ಟು ದೂರ ನಡೆದ ಮೇಲೆ ಸಿಕ್ಕ ಒಣ ಹಳ್ಳ, ಸುತ್ತ ಮನೆಯಿಲ್ಲ, ತೋಟವಿಲ್ಲ, ಬೆಳ್ಳನೆ ಉರುಟು ಕಲ್ಲುಗಳ ನಡುವೆ ಆ ಪೊದೆ. ‘ಇದು ತಾನಾಗಿ ಹುಟ್ಟಿದ್ದಾ ಅಮ್ಮ, ಯಾರೋ ನೆಟ್ಟಿದ್ದಾ?’ ಅಂತ ಕೇಳಿದ್ದೀಯ.

ಆ ಪ್ರಶ್ನೆ ಎಷ್ಟು ದೊಡ್ಡದು ಅಂತ ನಿನಗೂ ಗೊತ್ತಿದೆ, ಅದಕ್ಕೇ ರಾತ್ರಿ ಹನ್ನೆರಡಕ್ಕೆ ಮೆಸೇಜು ಹಾಕಿದ್ದೀಯ. ಫ್ರಾನ್ಸಿನಲ್ಲಿ ಕಣಗಿಲೆಯನ್ನು ಮನೆಮನೆಯಲ್ಲೂ ಬೆಳೆಸುತ್ತಾರೆ. ಆದರೆ ಯಾರೂ ನೆಡದೆ ಬೆಳೆಯುವ ನಿಜವಾದ ಕಾಡು ಕಣಗಿಲೆ ಅಲ್ಲಿ ಅಪರೂಪ. ಆಗ್ನೇಯ ಕರಾವಳಿಯ ಕೆಲವು ಹಳ್ಳಗಳಲ್ಲಿ, ಕಾರ್ಸಿಕಾ ದ್ವೀಪದಲ್ಲಿ ಇದೆ, ಅದಕ್ಕೆ ಕಾನೂನಿನ ರಕ್ಷಣೆಯೂ ಇದೆ. ನೀನಿರುವ ಮೋಂಪೆಲಿಯೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ನಿನ್ನ ಹಳ್ಳದ ಪೊದೆ ಕಾಡಿನದಾದರೆ ಅದೊಂದು ಸುದ್ದಿ. ಯಾರೋ ಕತ್ತರಿಸಿ ಬಿಸಾಡಿದ ಟೊಂಗೆ ಬೇರು ಬಿಟ್ಟದ್ದಾದರೆ ಏನೂ ಅಲ್ಲ. ಒಂದೇ ಗಿಡ, ಒಂದೇ ಹೂವು. ಬೆಲೆ ಮಾತ್ರ ಅದು ಬಂದ ದಾರಿಯ ಮೇಲೆ ನಿಂತಿದೆ.

ಫೋಟೋ ನೋಡಿ ನನಗಾದ ಸಂತೋಷಕ್ಕೆ ಇನ್ನೊಂದು ಕಾರಣ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ನೀನು ಡಿಗ್ರಿಯಲ್ಲಿ ಕಣಗಿಲೆ ಎಲೆಯ ಸೆಕ್ಷನ್ ತೆಗೆದಿದ್ದೀಯಲ್ಲ? ನಾನು ಕಾಲೇಜಿನಲ್ಲಿದ್ದಷ್ಟು ಕಾಲವೂ ಪ್ರತಿ ಬ್ಯಾಚಿಗೆ ಅದನ್ನೇ ಮಾಡಿಸಿದೆ. ಪಾಠದ ಹೆಸರು ‘ಶುಷ್ಕ ಸಸ್ಯಗಳ ಹೊಂದಾಣಿಕೆ’. ನೀರಿಲ್ಲದ ಕಡೆ ಬದುಕುವ ಗಿಡದ ಎಲೆ ಹೇಗಿರುತ್ತೆ ಅಂತ ತೋರಿಸಲು ಇಡೀ ದೇಶದ ಸಸ್ಯಶಾಸ್ತ್ರದ ಲ್ಯಾಬುಗಳಲ್ಲಿ ಕಣಗಿಲೆಯೇ ಆಧಾರ. ಇಲ್ಲೋ ಹೊರಗೆ ಧೋ ಅಂತ ಮಳೆ. ಅಟೆಂಡರ್ ಕೊಡೆ ಹಿಡಿದುಕೊಂಡು ಹೋಗಿ ಕಾಂಪೌಂಡಿನಿಂದ ಎಲೆ ಕಿತ್ತು ತರುತ್ತಿದ್ದ. ನೀರು ಸುರಿಯುವ ಆ ಎಲೆಯನ್ನು ಒರೆಸಿ, ಕ್ಯಾರೆಟ್ ತುಂಡಿನ ಸೀಳಿಗೆ ಸಿಕ್ಕಿಸಿ, ಬ್ಲೇಡಿನಿಂದ ತೆಳ್ಳಗೆ ಕೊಯ್ದು, ಸ್ಯಾಫ್ರನಿನ್ ಬಣ್ಣ ಹಾಕಿ, ಗ್ಲಿಸರಿನ್ ಹನಿಯ ಮೇಲೆ ಕವರ್ ಸ್ಲಿಪ್ ಮುಚ್ಚಿ ಮೈಕ್ರೋಸ್ಕೋಪಿನಡಿ ಇಟ್ಟರೆ ಮಕ್ಕಳು ‘ಆಹಾ’ ಅನ್ನಲೇಬೇಕು. ಮೇಲೆ ಮೇಣದಂಥ ದಪ್ಪ ಪದರ, ಅದರ ಕೆಳಗೆ ಒಂದರ ಮೇಲೊಂದು ಸಾಲು ಕೋಶಗಳ ಹೊರಚರ್ಮ. ಎಲೆಯ ತಳಭಾಗದಲ್ಲಿ ಅಲ್ಲಲ್ಲಿ ಒಳಕ್ಕೆ ತಗ್ಗಿದ ಗುಳಿಗಳು. ಗುಳಿಯ ತುಂಬ ನವಿರು ಕೂದಲು, ಆ ಕೂದಲ ಮರೆಯಲ್ಲಿ ಉಸಿರಾಡುವ ರಂಧ್ರಗಳು. ಬಿಸಿ ಗಾಳಿ ನೇರ ಬಡಿದು ನೀರು ಆರಿಹೋಗದ ಹಾಗೆ ಗಿಡ ಮಾಡಿಕೊಂಡ ಏರ್ಪಾಡು.

ಪ್ರತಿ ವರ್ಷ ಯಾರಾದರೂ ಒಬ್ಬಳು ಹುಡುಗಿ ಕೇಳುತ್ತಿದ್ದಳು: ‘ಮೇಡಂ, ಇಷ್ಟು ಮಳೆ ಬೀಳೋ ಊರಲ್ಲಿ ಇದಕ್ಕೆ ಇದೆಲ್ಲ ಯಾಕೆ?’ ಇದು ಮೂಲತಃ ಬೇರೆ ಸೀಮೆಯ ಗಿಡ ಅಂತ ಹೇಳುತ್ತಿದ್ದೆ. ಆ ಸೀಮೆ ಹೇಗಿರುತ್ತೆ ಅಂತ ಕಣ್ಣಿಗೆ ಕಟ್ಟಿದ್ದು ನಿನ್ನ ಫೋಟೋದಿಂದಲೇ. ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಒಂದು ಹನಿಯೂ ಇಲ್ಲ. ಆದರೆ ಕಣಗಿಲೆ ನಿಂತಿರುವುದು ಮರಳುಗಾಡಿನಲ್ಲಲ್ಲ, ಹಳ್ಳದ ಪಾತ್ರದಲ್ಲಿ. ಮೇಲೆ ಕಲ್ಲು ಕಾದಿದ್ದರೂ ಜಲ್ಲಿಯ ಅಡಿಯಲ್ಲಿ ತೇವ ಇದ್ದೇ ಇರುತ್ತೆ, ಬೇರು ಅಲ್ಲಿಗೆ ಇಳಿದಿರುತ್ತೆ. ಬೇರಿಗೆ ಹೊಳೆ, ಎಲೆಗೆ ಬರ. ಇದನ್ನು ಈ ಹತ್ತು ಅಕ್ಷರದಲ್ಲಿ ಹೇಳಲು ನನಗೆ ರಿಟೈರ್ ಆಗುವವರೆಗೂ ಹೊಳೆಯಲಿಲ್ಲ ನೋಡು.

ಹೊಳೆ ಅಂದಾಗ ನೆನಪಾಯಿತು. ತುಂಗೆಯ ಮೇಲ್ಭಾಗದಲ್ಲಿ ಬೇಸಿಗೆಗೆ ನೀರಿಳಿದು ಬಂಡೆ ಮೇಲೆದ್ದಾಗ ಅವುಗಳ ಸಂದಿಯಲ್ಲಿ ಒಂದು ಪೊದೆ ಕಾಣುತ್ತೆ, ನಿನಗೆ ತೋರಿಸಿದ್ದೆ. ಹೋಮೋನೋಯಾ ರಿಪೇರಿಯಾ. ನೀರುಕಣಗಿಲೆ ಅಂತಾರೆ. ಎಲೆ ನೋಡಿದರೆ ಕಣಗಿಲೆಯ ಒಡಹುಟ್ಟು ಅನ್ನಬೇಕು, ಆದರೆ ನೆಂಟಸ್ತಿಕೆ ಇಲ್ಲವೇ ಇಲ್ಲ, ಅದು ಹರಳಿನ ಗಿಡದ ಕುಟುಂಬದ್ದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸೆಳವಿನಲ್ಲಿ ಮುಳುಗಿದ್ದು ಬದುಕುತ್ತೆ. ಅಗಲ ಎಲೆಯಾಗಿದ್ದರೆ ಪ್ರವಾಹ ಹರಿದು ಒಯ್ದಿರುತ್ತಿತ್ತು. ಬಳುಕುವ ಕೊಂಬೆ, ಕಿರಿದಾದ ಎಲೆ ಇದ್ದರೆ ನೀರು ಸವರಿಕೊಂಡು ಹೋಗುತ್ತೆ. ನಿನ್ನ ಹಳ್ಳಕ್ಕೂ ಮಳೆ ಬಂದರೆ ಒಮ್ಮೆಲೇ ನೀರು ನುಗ್ಗುತ್ತೆ ಅಂದಿದ್ದೆಯಲ್ಲ, ಆ ಕಣಗಿಲೆಯ ಎಲೆ ಹಾಗಿರುವುದರಲ್ಲಿ ಬರದ ಜತೆಗೆ ಪ್ರವಾಹದ ಪಾಲೂ ಇರಬಹುದು.

ನನಗೆ ಕಣಗಿಲೆ ಅಂದರೆ ಮೊದಲು ನೆನಪಾಗುವುದು ಭದ್ರಾವತಿ. ನಿನ್ನ ಅಜ್ಜ ಕಬ್ಬಿಣದ ಕಾರ್ಖಾನೆಯಲ್ಲಿದ್ದಾಗ ನಮ್ಮ ಕ್ವಾರ್ಟರ್ಸಿನ ಮುಂದೆ ಬೇಲಿ ಪೂರ್ತಿ ಅದೇ. ಎಲೆಯ ಮೇಲೆ ಸದಾ ಕರಿ ಮಸಿ. ಹೂವು ಕೊಯ್ದರೆ ಬೆರಳು ಕಪ್ಪಾಗುತ್ತಿತ್ತು. ಅಜ್ಜಿ ಒಂದೊಂದೇ ಹೂವನ್ನು ನೀರಿನಲ್ಲಿ ಅದ್ದಿ ತೆಗೆದು ದೇವರಿಗಿಡುತ್ತಿದ್ದರು, ನಮ್ಮ ಬೆರಳನ್ನು ಅದಕ್ಕಿಂತ ಚೆನ್ನಾಗಿ ತಿಕ್ಕಿ ತೊಳೆಸುತ್ತಿದ್ದರು. ಬೇಲಿಗೆ ಅದನ್ನೇ ಯಾಕೆ ಹಾಕುತ್ತಿದ್ದರು ಗೊತ್ತಾ? ದನ ಮುಟ್ಟಲ್ಲ, ಮೇಕೆಯೂ ಮುಟ್ಟಲ್ಲ. ಬೇರಿನಿಂದ ಹೂವಿನವರೆಗೂ ವಿಷ, ಹೃದಯದ ಬಡಿತವನ್ನೇ ತಪ್ಪಿಸುವ ವಿಷ. ಈಗ ಹೆದ್ದಾರಿಗಳ ನಡುಪಟ್ಟಿಯಲ್ಲಿ ಸಾಲಾಗಿ ನೆಡುವುದೂ ಅದಕ್ಕೇ. ಹೊಗೆ, ಧೂಳು, ಬಿಸಿಲು ಯಾವುದಕ್ಕೂ ಜಗ್ಗಲ್ಲ, ಎದುರು ಲಾರಿಯ ಹೆಡ್‌ಲೈಟೂ ಕಣ್ಣಿಗೆ ಹೊಡೆಯಲ್ಲ. ನಿನಗೆ ಇದನ್ನೆಲ್ಲ ಹೇಳಬೇಕಾಗಿಲ್ಲ, ಆದರೂ ಅಮ್ಮ ಅಲ್ವಾ, ಹೇಳುತ್ತೇನೆ: ಕಾಡಿನಲ್ಲಿ ಬೆಂಕಿ ಹಾಕಿ ಏನಾದರೂ ಸುಟ್ಟು ತಿನ್ನುವವರ ಜತೆ ಹೋದರೆ ಆ ಕಡ್ಡಿ ಮುಟ್ಟಲು ಬಿಡಬೇಡ. ಅದರ ಹೊಗೆಯೂ ಒಳ್ಳೆಯದಲ್ಲ. ಮೊದಲನೆಯದಾಗಿ ಈ ಕಾಲದಲ್ಲಿ ಅಲ್ಲಿ ಬೆಂಕಿಯನ್ನೇ ಹಾಕಬಾರದು. ಕಾಳ್ಗಿಚ್ಚಿನ ಸುದ್ದಿ ಟಿವಿಯಲ್ಲಿ ಬಂದಾಗಲೆಲ್ಲ ಅಪ್ಪ ನಿನ್ನ ಊರಿನ ಹೆಸರು ಹುಡುಕುತ್ತಾ ಕೂರುತ್ತಾರೆ.

ಕಣಗಿಲೆ ಎಲ್ಲಿಯದು ಅಂತ ಖಚಿತವಾಗಿ ಹೇಳುವುದು ಕಷ್ಟ, ಪುಟ್ಟಿ. ಮೆಡಿಟರೇನಿಯನ್ ಗಿಡ ಅಂತಲೇ ಹೇಳುವ ರೂಢಿ. ಆದರೆ ಅದರ ನೆಲೆ ಅಲ್ಲಿಂದ ಪೂರ್ವಕ್ಕೆ ಏಷ್ಯಾದ ಒಳಗೆ ಬಹುದೂರ ಚಾಚಿದೆ, ಜನ ಎಷ್ಟು ಹಿಂದಿನಿಂದ ನೆಡುತ್ತಾ ಬಂದಿದ್ದಾರೆ ಅಂದರೆ ಎಲ್ಲಿ ಕಾಡಿನದು ಮುಗಿದು ಎಲ್ಲಿ ನೆಟ್ಟದ್ದು ಶುರುವಾಗುತ್ತೆ ಅಂತ ಗೆರೆ ಎಳೆಯಲು ಆಗಲ್ಲ. ಲಿನ್ನೇಯಸ್ 1753ರಲ್ಲಿ ನೀರಿಯಂ ಓಲಿಯಾಂಡರ್ ಅಂತ ಹೆಸರಿಟ್ಟ. 1768ರಲ್ಲಿ ಮಿಲ್ಲರ್ ನಮ್ಮ ಕಡೆಯ ಕಣಗಿಲೆಯನ್ನು ನೀರಿಯಂ ಇಂಡಿಕಂ ಅಂತ ಬೇರೆ ಮಾಡಿದ. ಈಗ ಎರಡನ್ನೂ ಸೇರಿಸಿ ಒಂದೇ ಅನ್ನುತ್ತಾರೆ. ನಾನು ಓದುವಾಗ ರೆಕಾರ್ಡ್ ಪುಸ್ತಕದಲ್ಲಿ ಇಂಡಿಕಂ ಅಂತ ಬರೆದವಳು, ಪಾಠ ಮಾಡುವಾಗ ಓಲಿಯಾಂಡರ್ ಅಂತ ತಿದ್ದಿದವಳು. ಇನ್ನು ಹಳದಿ ಕಣಗಿಲೆ! ಶಿವನಿಗೆ ಅನಾದಿಯಿಂದ ಏರಿಸಿದ ಹೂವು ಅನ್ನೋ ಹಾಗೆ ಏರಿಸುತ್ತೇವೆ. ಅದು ಅಮೆರಿಕ ಖಂಡದ ಗಿಡ, ಕೊಲಂಬಸ್ ಅತ್ತ ಹೋಗುವ ಮೊದಲು ಇಲ್ಲಿಗೆ ಬಂದಿರಲು ಸಾಧ್ಯವಿಲ್ಲ. ಅದರ ಹಳೆಯ ಹೆಸರು ಥೆವೆಟಿಯಾ ಇಟ್ಟಿದ್ದು ನಿನ್ನ ಫ್ರಾನ್ಸಿನ ಒಬ್ಬ ಸನ್ಯಾಸಿಯ ನೆನಪಿಗೆ, ಆಂದ್ರೆ ಥೆವೆ ಅಂತ. ನಮ್ಮ ಶಿವನಿಗೆ ಇದರಿಂದ ಬೇಸರ ಆಗಿರುವಂತೆ ಕಾಣೆ.

ಮೊನ್ನೆ ದೇವಸ್ಥಾನದ ಕಣಗಿಲೆಯಲ್ಲಿ ಒಂದು ಹುಳ ಸಿಕ್ಕಿತು. ಬೆರಳುದ್ದ, ಎಳೆ ಹಸಿರು, ಬಾಲದ ತುದಿಗೆ ಚಿಕ್ಕ ಕೊಂಬು. ಮುಟ್ಟಿದರೆ ತಲೆ ಬಗ್ಗಿಸುತ್ತೆ, ಆಗ ಕತ್ತಿನ ಹಿಂದೆ ನೀಲಿ ಬಿಳಿಯ ಎರಡು ದೊಡ್ಡ ಕಣ್ಣು ತೆರೆದ ಹಾಗೆ ಕಾಣುತ್ತೆ. ಅವು ಬರೀ ಮಚ್ಚೆ, ನಿಜವಾದ ಕಣ್ಣಲ್ಲ. ಡಾಫ್ನಿಸ್ ನೀರಿಯೈ ಅನ್ನೋ ಪತಂಗದ ಹುಳ. ದನ ಮುಟ್ಟದ ಆ ವಿಷದೆಲೆಯನ್ನೇ ಕರಕರ ಮೇಯುತ್ತೆ, ಹಿತ್ತಿಲಲ್ಲಿ ನಂದಿಬಟ್ಟಲನ್ನೂ ಬಿಡಲ್ಲ. ಪತಂಗವಾದ ಮೇಲೆ ಎಂಥ ಹಾರಾಟ ಅಂತೀಯ. ಬೇಸಿಗೆಯಲ್ಲಿ ದಕ್ಷಿಣದಿಂದ ಹೊರಟು ಯೂರೋಪಿನ ಒಳಗೆಲ್ಲ ಹೋಗಿ ಬೀಳುತ್ತೆ. ನಿನ್ನ ಕಡೆಯೂ ಕಣ್ಣಿಗೆ ಬೀಳಬಹುದು, ನೋಡುತ್ತಿರು.

ಈ ಗುಂಪಿನ ಪತಂಗಗಳ ಮೇಲೆ 1937ರಲ್ಲಿ ಸ್ಕಾಟ್ ಅನ್ನುವವರ ಜತೆ ದೊಡ್ಡ ಗ್ರಂಥ ಬರೆದವರು ಟಿ.ಆರ್.ಡಿ. ಬೆಲ್. ಅರಣ್ಯ ಇಲಾಖೆಯಲ್ಲಿದ್ದು, ನಿವೃತ್ತಿಯಾದ ಮೇಲೂ ಕಾರವಾರದಲ್ಲೇ ಉಳಿದು ಹುಳ ಸಾಕಿಕೊಂಡು ಬರೆದುಕೊಂಡು ಇದ್ದ ಮನುಷ್ಯ. ಅದೇ ಬೆಲ್, ಸೆಜ್ವಿಕ್ ಅನ್ನೋ ಗೆಳೆಯನ ಜತೆ 1919ರಲ್ಲಿ ಜೋಗಕ್ಕೆ ಬಂದಿದ್ದರು. ಜಲಪಾತದ ತುಂತುರು ಬಡಿಯುವ ಬಂಡೆಯ ಮೇಲಿದ್ದ ಒಂದು ನಾಜೂಕು ಹುಲ್ಲನ್ನು ಕಿತ್ತು ಒಣಗಿಸಿ ಕಾಗದಕ್ಕಂಟಿಸಿ ಇಟ್ಟರು. ಅದೇನೆಂದು ಆಗ ಯಾರಿಗೂ ಗೊತ್ತಾಗಲಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಬೋರ್ ಅನ್ನೋ ಹುಲ್ಲಿನ ಪಂಡಿತ ಆ ಹಾಳೆ ನೋಡಿ, ಇದು ಹೊಸ ಕುಲವೇ ಸೈ ಅಂತ ಹಬ್ಬಾರ್ಡಿಯಾ ಹೆಪ್ಟಾನ್ಯೂರಾನ್ ಅಂತ ಹೆಸರಿಟ್ಟ. ಇಡೀ ಜಗತ್ತಿನಲ್ಲಿ ಅದಕ್ಕೆ ಗೊತ್ತಿದ್ದ ನೆಲೆ ಒಂದೇ, ನಮ್ಮ ಜೋಗ. ಆಮೇಲೆ ಶರಾವತಿಗೆ ಅಣೆಕಟ್ಟು ಬಂತು. ಲಿಂಗನಮಕ್ಕಿ 1964ರಲ್ಲಿ ಮುಗಿಯಿತು, ವರ್ಷದ ಬಹುಪಾಲು ಜಲಪಾತ ಸೊರಗಿತು, ಹುಡುಕಿದವರಿಗೆ ಹುಲ್ಲು ಸಿಗಲಿಲ್ಲ. ಅಳಿದುಹೋಯಿತು ಅಂತ ಬರೆದರು. ನಾನೂ ತರಗತಿಯಲ್ಲಿ ಅದನ್ನು ಅಳಿದ ಹುಲ್ಲು ಅಂತಲೇ ಹೇಳುತ್ತಿದ್ದೆ, ಹೇಳುವಾಗ ಗಂಟಲು ಕಟ್ಟುತ್ತಿತ್ತು.

ಈ ಶತಮಾನದ ಮೊದಲ ದಶಕದಲ್ಲಿ ಅದು ಮತ್ತೆ ಸಿಕ್ಕಿತು. ಜೋಗದಲ್ಲಲ್ಲ, ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್.ಆರ್. ಯಾದವ್ ಅವರ ತಂಡಕ್ಕೆ. ಜೋಗಕ್ಕೂ ಅದಕ್ಕೂ ನಡುವೆ ಇಡೀ ಉತ್ತರ ಕನ್ನಡ ಇದೆ, ಬೆಳಗಾವಿಯ ಘಟ್ಟ ಇದೆ. ಸುದ್ದಿ ಓದಿದ ದಿನ ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದೆ. ಹುಲ್ಲು ಎಲ್ಲಿಂದಲೋ ಎದ್ದು ಅಲ್ಲಿಗೆ ಹೋದದ್ದಲ್ಲ ಪುಟ್ಟಿ. ಅಲ್ಲಿಯೂ ಇತ್ತು ಅಷ್ಟೆ, ಮಳೆಗಾಲದ ಆ ತಿಂಗಳಲ್ಲಿ, ಆ ಜಾರುಬಂಡೆಯ ಮುಂದೆ, ಹುಲ್ಲು ಬಲ್ಲವರು ಯಾರೂ ಹೋಗಿ ನಿಂತಿರಲಿಲ್ಲ.

ನಾನು ನಿನಗೆ ಹೇಳಬೇಕು ಅಂದುಕೊಂಡಿದ್ದು ಇದೇ. ಒಂದು ಗಿಡದ ನೆಲೆ ಅಂತ ಪುಸ್ತಕದಲ್ಲಿ ಬಣ್ಣ ಹಚ್ಚಿದ ನಕಾಶೆ ಕೊಡುತ್ತಾರಲ್ಲ, ಅದು ಗಿಡದ ನಕಾಶೆ ಅಲ್ಲ, ಗಿಡ ನೋಡಲು ಹೋದವರ ಹೆಜ್ಜೆಯ ನಕಾಶೆ. ನಮ್ಮ ಹಾಜರಿ ಪುಸ್ತಕ ಇದ್ದ ಹಾಗೆ, ಹೆಸರು ಕೂಗಿದಾಗ ಓಗೊಟ್ಟವರಿಗಷ್ಟೇ ಗುರುತು. ಉಳಿದವರು ಲೋಕದಲ್ಲೇ ಇಲ್ಲ ಅಂತೇನೂ ಅಲ್ಲ. ನಮ್ಮ ಜಿಲ್ಲೆಯ ಸಸ್ಯಗಳ ಪುಸ್ತಕ, ರಾಮಸ್ವಾಮಿ, ರಾಧಾಕೃಷ್ಣರಾವ್, ಗೋವಿಂದಪ್ಪ ಅವರದ್ದು, ಮೈಸೂರು ವಿಶ್ವವಿದ್ಯಾಲಯದಿಂದ ಅಚ್ಚಾದದ್ದು 2001ರಲ್ಲಿ. ಭದ್ರಾವತಿಯ ಊದುಕುಲುಮೆ ಹೊತ್ತಿದ್ದು 1923ರಲ್ಲಿ, ಅದೂ ಇದ್ದಿಲಿನಿಂದ. ಸುತ್ತಲ ಕಾಡಿನ ಕಟ್ಟಿಗೆ ಬಂದು ಬಂದು ಇದ್ದಿಲಾಗುತ್ತಿತ್ತು ಅಂತ ನಿನ್ನ ಅಜ್ಜ ಅವರ ಹಿರಿಯರಿಂದ ಕೇಳಿದ ಕತೆ ಹೇಳುತ್ತಿದ್ದರು. ಲೆಕ್ಕ ಹಾಕು: ಕುಲುಮೆ ಮೊದಲು, ಪುಸ್ತಕ ಆಮೇಲೆ, ನಡುವೆ ಎಪ್ಪತ್ತೆಂಟು ವರ್ಷ. ನಮ್ಮ ಪುಸ್ತಕದಲ್ಲಿರುವುದು ಉಳಿದವುಗಳ ಪಟ್ಟಿ. ಅಜ್ಜನ ಸಂಬಳದಲ್ಲಿ ಓದಿದವಳು ನಾನು, ಅದಕ್ಕೇ ಕಾರ್ಖಾನೆಯ ಮೇಲೆ ನನಗೆ ಸಿಟ್ಟು ಮಾಡಲು ಆಗಲ್ಲ. ಆದರೂ ಆ ಕಟ್ಟಿಗೆಯ ರಾಶಿಯಲ್ಲಿ ಏನೇನಿತ್ತೋ ಅಂತ ಒಮ್ಮೊಮ್ಮೆ ರಾತ್ರಿ ಎಚ್ಚರವಾದರೆ ಯೋಚನೆ ಬರುತ್ತೆ.

ಹಾಗಂತ ತಾನಾಗಿ ಹುಟ್ಟಿದ್ದೆಲ್ಲ ಆ ಊರಿನದೇ ಅಂತಲೂ ಅಲ್ಲ. ಕಾಗದದ ಕಾರ್ಖಾನೆಗೆ ಅಂತ ನಮ್ಮಲ್ಲಿ ನೆಟ್ಟ ಅಕೇಶಿಯಾ ನೋಡಿದ್ದೀಯಲ್ಲ. ಅದರ ತವರು ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ. ಕಾರ್ಖಾನೆ 2015ರಲ್ಲಿ ನಿಂತಿತು. 2020ರಲ್ಲಿ ನೆಡುತೋಪಿನ ಗುತ್ತಿಗೆ ಮತ್ತೆ ಮುಂದುವರಿದಾಗ ಅಕೇಶಿಯಾ ಬೇಡ ಅಂತ ಊರೂರಲ್ಲಿ ಜನ ಎದ್ದರು. ಆ ಜಗಳ ಒಂದು ಕಡೆ ಇರಲಿ. ತೋಪಿನ ಅಂಚಿಗೆ ಹೋಗಿ ನೋಡು, ಯಾರೂ ನೆಡದ ಸಸಿಗಳು ತಾವಾಗಿ ಎದ್ದಿರುತ್ತವೆ, ಸಣ್ಣವು ದೊಡ್ಡವು ಎಲ್ಲ. ಕಾಗದಪತ್ರ ಎಲ್ಲ ಸುಟ್ಟುಹೋಗಿ, ನೂರೈವತ್ತು ವರ್ಷ ಬಿಟ್ಟು ನಿನ್ನಂಥ ಒಬ್ಬಳು ಬಂದರೆ ಇದು ಮಲೆನಾಡಿನ ಗಿಡವೇ ಅಂತ ಬರೆದುಬಿಡಬಹುದು.

ನಿನ್ನ ಊರಿನಲ್ಲಿ ಇದಕ್ಕೆ ಒಳ್ಳೆ ಪಾಠ ಇದೆ, ನಿನ್ನ ಗೈಡ್ ಹೇಳಿಯೇ ಇರುತ್ತಾರೆ. ಲೆಜ್ ನದಿಯ ದಂಡೆಯ ಪೋರ್ ಜುವೆನಾಲ್‌ನಲ್ಲಿ ಹೊರದೇಶಗಳಿಂದ ಬಂದ ಕುರಿಯುಣ್ಣೆಯನ್ನು ತೊಳೆದು ಒಣಹಾಕುತ್ತಿದ್ದರು. ಉಣ್ಣೆಗೆ ಅಂಟಿ ಬಂದ ಬೀಜ ಉದುರಿ, ಫ್ರಾನ್ಸು ಕಂಡೇ ಇರದ ನೂರಾರು ಬಗೆಯ ಗಿಡ ಆ ಬಯಲಿನಲ್ಲಿ ಎದ್ದವು. ಗೊದ್ರೋನ್ ಅನ್ನೋ ಸಸ್ಯಶಾಸ್ತ್ರಜ್ಞ 1853ರಲ್ಲಿ ಅವುಗಳದ್ದೇ ಒಂದು ಪುಸ್ತಕ ಮಾಡಿದ. 1593ರಿಂದ ಸಸ್ಯೋದ್ಯಾನ ಇಟ್ಟುಕೊಂಡ ಊರು ಅದು, ಬೇಲಿ ಹಾರಿ ಹೋಗಲು ಗಿಡಗಳಿಗೆ ನಾನ್ನೂರು ವರ್ಷ ಸಿಕ್ಕಿದೆ.

ಆದ್ದರಿಂದ ಯಾರಿಗೂ ಏನೂ ಬರೆಯುವ ಮೊದಲು ಮತ್ತೊಂದು ಸಲ ಅಲ್ಲಿಗೆ ಹೋಗು. ಒಬ್ಬಳೇ ಬೇಡ. ಹಳ್ಳದ ಮೇಲ್ಗಡೆಗೆ ನಡೆ, ಎಲ್ಲಿಯಾದರೂ ಪಾಳುಮನೆ, ಹಳೆ ಗಿರಣಿ, ಬಾವಿಕಟ್ಟೆ ಇದೆಯಾ ನೋಡು. ಮನೆ ಬಿದ್ದುಹೋದರೂ ಅಂಗಳದ ಕಣಗಿಲೆ ಬಿದ್ದುಹೋಗಲ್ಲ, ಅದರ ಟೊಂಗೆ ಪ್ರವಾಹದಲ್ಲಿ ತೇಲಿಬಂದು ಎಲ್ಲಿ ಬೇಕಾದರೂ ಬೇರು ಬಿಡುತ್ತೆ. ಒಂದೇ ವಯಸ್ಸಿನ ಎರಡು ಮೂರು ದೊಡ್ಡ ಪೊದೆ ಮಾತ್ರ ಇದ್ದರೆ ನನಗೆ ಅನುಮಾನ. ಅಜ್ಜಿ, ಮಗಳು, ಮೊಮ್ಮಗಳು ಎಲ್ಲ ವಯಸ್ಸಿನವೂ ಇದ್ದರೆ, ಒದ್ದೆ ಜಲ್ಲಿಯಲ್ಲಿ ಬೀಜದಿಂದ ಎದ್ದ ಸಸಿ ಸಿಕ್ಕರೆ, ಆಗ ಮಾತಾಡೋಣ. ಹೂವು ಒಂದೇ ಸುತ್ತಿನದು ಅನ್ನುವುದು ಒಳ್ಳೆಯ ಗುರುತು, ಆದರೆ ಅಷ್ಟೇ ಸಾಲದು. ಸುತ್ತು ಹೆಚ್ಚಿದ ತೋಟದ ಹೂವು ಸಾಮಾನ್ಯವಾಗಿ ಕಾಯಿ ಕಟ್ಟಲ್ಲ, ಒಂಟಿ ಸುತ್ತಿನದನ್ನೂ ತೋಟದಲ್ಲಿ ನೆಡುತ್ತಾರೆ. ಕಾಯಿ ಹುಡುಕು: ಜೋಡಿ ಕೋಡು, ಒಣಗಿ ಬಿರಿದರೆ ಒಳಗೆ ಕಂದು ಕೂದಲಿನ ಬೀಜ. ಆ ಹೂವಿನಲ್ಲಿ ಮಕರಂದವೇ ಇಲ್ಲ, ಇದೆ ಅಂತ ನಂಬಿ ಬಂದು ಮೋಸಹೋದ ದುಂಬಿಯಿಂದಲೇ ಅದರ ಕೆಲಸ ನಡೆಯಬೇಕು. ಅದಕ್ಕೇ ಕಾಡಿನಲ್ಲೂ ಕಾಯಿ ಕಡಿಮೆ, ಸಿಗಲಿಲ್ಲ ಅಂತ ಕೈಬಿಡಬೇಡ. ಹರ್ಬೇರಿಯಮ್ಮಿನಲ್ಲಿ ಆ ಕಣಿವೆಯ ಹಳೆಯ ಹಾಳೆಗಳನ್ನೆಲ್ಲ ತೆಗೆಸಿ ನೋಡು. ಹಳ್ಳಿಯ ಮುದುಕರನ್ನು ಕೇಳು, ನಿನ್ನ ಫ್ರೆಂಚ್ ಅಷ್ಟಕ್ಕೆ ಸಾಕು. ರಕ್ಷಿತ ಗಿಡ ಆಗಿರಬಹುದಾದ್ದರಿಂದ ಅನುಮತಿ ಕೇಳದೆ ಟೊಂಗೆ ಮುರಿಯಬೇಡ.

ಇಲ್ಲಿ ಗಾಜನೂರು ಡ್ಯಾಂ ತುಂಬಿದೆ, ಬಟ್ಟೆ ಒಣಗುತ್ತಿಲ್ಲ, ಅಪ್ಪನ ಮಂಡಿನೋವು ಮಳೆಯ ಜತೆ ಏರಿಳಿಯುತ್ತಿದೆ. ನಿನ್ನ ಚಿಕ್ಕಮ್ಮ ಭದ್ರಾವತಿಯಿಂದ ಫೋನ್ ಮಾಡಿದಾಗಲೆಲ್ಲ ಮದುವೆ ವಿಷಯ ತೆಗೆಯುತ್ತಾಳೆ. ‘ಅವಳು ಈಗ ಕಣಗಿಲೆ ಹುಡುಕುತ್ತಿದ್ದಾಳೆ’ ಅಂದೆ. ‘ಕಣಗಿಲೆನಾ? ಹಿತ್ತಿಲಲ್ಲಿದೆಯಲ್ಲ ಮಾರಾಯ್ತಿ!’ ಅಂದಳು. ನಿನ್ನ ಅಪ್ಪ, ಚಿಕ್ಕಮ್ಮ ಇಬ್ಬರದೂ ಮಾತು ಒಂದೇ.

ರಜೆಗೆ ಬರುವುದಾದರೆ ಈ ಸಲ ಡಿಸೆಂಬರ್ ಬೇಡ, ಮಳೆಗಾಲದಲ್ಲಿ ಬಾ. ಜೋಗದ ಸುತ್ತ ನೀರು ಸೋರುವ ಎಷ್ಟೋ ಬಂಡೆಗಳಿವೆ, ಎಲ್ಲವನ್ನೂ ಯಾರೂ ನೋಡಿ ಮುಗಿಸಿಲ್ಲ. ನನ್ನ ಮಂಡಿ ಇನ್ನೂ ಗಟ್ಟಿಯಿದೆ. ಜಾರದ ಬೂಟು ಎರಡು ಜೊತೆ ಅಲ್ಲಿಂದ ತಾ, ನನ್ನದು ಆರನೇ ನಂಬರು.

ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ